ಅರ್ಧ ಮಾರ್ಕು ಕಳೆದದ್ದು ಯಾಕೆ?

ಕಾಸರಗೋಡಿನ ನಮ್ಮ ಶಾಲೆಯ ಎಂಟನೇ ತರಗತಿಗೆ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. 51, 87, 91, 97 – ಇವುಗಳಲ್ಲಿ ಅವಿಭಾಜ್ಯ ಸಂಖ್ಯೆ ಯಾವುದು? ಕಾರಣ ಬರೆಯಿರಿ. ತುಂಬ ಮಕ್ಕಳು 97ರ ಜೊತೆ 91ನ್ನೂ ಸೇರಿಸಿದ್ದರು. ಒಬ್ಬ ಹುಡುಗ 97 ಮಾತ್ರ ಬರೆದು, ಕಾರಣದ ಜಾಗದಲ್ಲಿ "ಪಟ್ಟಿಯಲ್ಲಿ ಉಂಟು" ಎಂದಿದ್ದ. ಅರ್ಧ ಮಾರ್ಕು ಕಳೆದೆ.

"ಉತ್ತರ ಸರಿ ಉಂಟಲ್ಲ ಸರ್, ಮತ್ತೆ ಕಳೆದದ್ದು ಯಾಕೆ?" ಎಂದು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ.

"143 ಅವಿಭಾಜ್ಯವಾ?" ಎಂದು ಕೇಳಿದೆ.

"ಪಟ್ಟಿ ನೂರಕ್ಕೆ ಮುಗೀತದೆ ಸರ್."

ತಪ್ಪು ಅವನೊಬ್ಬನದ್ದಲ್ಲ. ನೂರರೊಳಗಿನ 25 ಅವಿಭಾಜ್ಯ ಸಂಖ್ಯೆಗಳನ್ನು ಬಾಯಿಪಾಠ ಮಾಡಿಸುವವರು ಅಧ್ಯಾಪಕರಾದ ನಾವೇ. ನನ್ನ ಅಭಿಪ್ರಾಯ ಕೇಳಿದರೆ ಆ ಬಾಯಿಪಾಠ ಬೇಡ. ಭಾಗಿಸುವುದನ್ನು ಎಲ್ಲಿ ನಿಲ್ಲಿಸಬೇಕು, ಯಾಕೆ ಅಲ್ಲೇ ನಿಲ್ಲಿಸಬಹುದು – ಇಷ್ಟು ಗೊತ್ತಿದ್ದರೆ ಪಟ್ಟಿಯನ್ನು ನೀವೇ ಮಾಡಿಕೊಳ್ಳಬಹುದು.

ಅಂಗಳದಲ್ಲಿ 36 ಅಡಿಕೆಗಳನ್ನು ಸಮ ಸಾಲುಗಳಲ್ಲಿ ಇಡಿ. ಒಂದು ಸಾಲಿನಲ್ಲಿ 36, ಎರಡು ಸಾಲಾದರೆ 18ರಂತೆ, ಮೂರಾದರೆ 12, ನಾಲ್ಕಾದರೆ 9, ಆರಾದರೆ 6. ಮುಂದೆ 9 ಸಾಲು ಮಾಡಿದರೆ 4ರಂತೆ ಬರುತ್ತದೆ. ಅದು ಆಗಲೇ ಇಟ್ಟದ್ದೇ, ಆಚೆ ಬದಿಯಿಂದ ನೋಡಿದ ಹಾಗೆ. ಅಪವರ್ತನಗಳು ಜೋಡಿಯಾಗಿ ಬರುತ್ತವೆ, 6×6 ದಾಟಿದ ಮೇಲೆ ಹಳೆಯ ಜೋಡಿಗಳೇ ತಿರುಗಿ ಬರುತ್ತವೆ. (ಅಪವರ್ತನ, ಅಪವರ್ತ್ಯ ಎಂಬ ಎರಡು ಶಬ್ದ ಕೇಳಿದರೆ ನಿಮಗೆ ತಲೆಬಿಸಿ ಅಂತ ಗೊತ್ತು. 36ರ ಅಪವರ್ತನಗಳು 36ಕ್ಕೇ ಮುಗಿಯುತ್ತವೆ. ಅಪವರ್ತ್ಯಗಳು 36, 72, 108 ಎಂದು ಹೋಗ್ತಾನೇ ಇರುತ್ತವೆ. ನಮ್ಮ ಪಕ್ಕದ ಮಲಯಾಳ ಕ್ಲಾಸಿನವರು 'ಘಟಕಂ', 'ಗುಣಿತಂ' ಅಂತಾರೆ, ಅವರಿಗೆ ಈ ಕಷ್ಟ ಇಲ್ಲ!)

ಈಗ 97. 10×10 ಅಂದರೆ 100, ಅದು 97ಕ್ಕಿಂತ ಹೆಚ್ಚು. ಆದ್ದರಿಂದ 97ಕ್ಕೆ ಯಾವುದೇ ಜೋಡಿ ಇದ್ದರೂ ಅದರಲ್ಲಿ ಒಂದು 10ಕ್ಕಿಂತ ಚಿಕ್ಕದಾಗಿರಲೇಬೇಕು. 2, 3, 5, 7 ನೋಡಿದರೆ ಸಾಕು. 4, 6, 8 ಬೇಡ, 2 ಹೋಗದಿದ್ದರೆ ಅವೂ ಹೋಗುವುದಿಲ್ಲ; 9ಕ್ಕೂ 3ಕ್ಕೂ ಅದೇ ಮಾತು. 97 ಸಮಸಂಖ್ಯೆ ಅಲ್ಲ, ಅಂಕಿಗಳ ಮೊತ್ತ 16, ಕೊನೆಗೆ 0 ಅಥವಾ 5 ಇಲ್ಲ, 7ರಿಂದ ಭಾಗಿಸಿದರೆ ಶೇಷ 6. ಮುಗಿಯಿತು, ಅವಿಭಾಜ್ಯ. ಆ ಅರ್ಧ ಮಾರ್ಕು ಇದ್ದದ್ದು ಈ ನಾಲ್ಕು ಸಾಲಿಗೆ.

91 ನಿಮಗೆ ಮೋಸ ಮಾಡುವುದು ಯಾಕೆ ಗೊತ್ತಾ? 51, 87ರ ಅಂಕಿ ಕೂಡಿಸಿದರೆ 3ರ ಗುಟ್ಟು ಹೊರಬೀಳುತ್ತದೆ. 91ರಲ್ಲಿ ಹಾಗಾಗುವುದಿಲ್ಲ. ಅದು 7×13, ನಮ್ಮ ಏಳರ ಮಗ್ಗಿ ಎಪ್ಪತ್ತಕ್ಕೇ ನಿಂತಿರುತ್ತದೆ!

ಪಟ್ಟಿಯನ್ನು ನಂಬಿ ದೊಡ್ಡವರೂ ಬಿದ್ದದ್ದುಂಟು. 3, 5, 17, 257, 65,537 – ಪ್ರತಿಯೊಂದರಿಂದ 1 ಕಳೆದು, ವರ್ಗ ಮಾಡಿ, 1 ಕೂಡಿಸಿದರೆ ಮುಂದಿನದು ಸಿಗುತ್ತದೆ. ಐದೂ ಅವಿಭಾಜ್ಯಗಳೇ. ಹಾಗಾಗಿ ಆರನೆಯದಾದ 4,29,49,67,297 ಕೂಡ ಅವಿಭಾಜ್ಯವೇ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ನಂಬಿದ್ದ. ಅದು 641ರಿಂದ ಭಾಗವಾಗುತ್ತದೆ ಎಂದು 1732ರಲ್ಲಿ ಆಯ್ಲರ್ ತೋರಿಸಿದ. ಭಾಗಲಬ್ಧ 67,00,417. ಒಂದು ಹಾಳೆ ಸಾಕು, ನೀವೂ ಭಾಗಿಸಿ ನೋಡಿ.

ನಮ್ಮ ಹುಡುಗ ಮಾರನೇ ದಿನ ಬಂದ. 12×12 ಅಂದರೆ 144, ಆದ್ದರಿಂದ 11ರವರೆಗೆ ನೋಡಿದೆ, 143 ಅಂದರೆ 11×13 ಎಂದು ಬರೆದು ತೋರಿಸಿದ. ಮತ್ತೆ ಮೆಲ್ಲ ಕೇಳಿದ, "ಸರ್, 899?"

ನಾನು 2, 3, 5, 7, 11, 13, 17, 19, 23 ಎಂದು ಒಂದೊಂದಾಗಿ ಭಾಗಿಸುತ್ತಾ ಹೋದೆ. ಬೆಲ್ಲಿನ ಗಡಿಬಿಡಿ ಬೇರೆ. "ಅವಿಭಾಜ್ಯ" ಅಂದುಬಿಟ್ಟೆ.

"30×30 ಅಂದ್ರೆ 900 ಅಲ್ವಾ ಸರ್? 29 ಬಾಕಿ ಉಂಟು" ಅಂದ.