ಗುಮ್ಮಟ ನೋಡಿದಿರಿ, ಗಂಜ್ ನೋಡಿದಿರಾ?

ವಿಜಯಪುರಕ್ಕೆ ಹೋದವರೆಲ್ಲ ಗೋಳಗುಮ್ಮಟದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡಿದ್ದೇನೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಕ್ಯಾಮೆರಾ ಹೆಗಲಿಗೇರಿಸಿ ಅಲ್ಲಿನ ಓಣಿಗಳನ್ನು ಸುತ್ತಿದೆ. ಆಗ ಕಣ್ಣಿಗೆ ಬಿದ್ದವು ಗಂಜ್‌ಗಳು.

ಇಲ್ಲಿ ಗಂಜ್ ಎಂದರೆ ಮಾರುಕಟ್ಟೆಯಲ್ಲ ಮಕ್ಕಳೇ, ಕಲ್ಲು ಗಾರೆಯ ಚೌಕ ಗೋಪುರ. ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಆ ಕೆರೆಯ ನೀರು ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಬರುತ್ತಿತ್ತು. ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಒಡೆಯುವುದಿಲ್ಲವೇ? ಅದಕ್ಕೇ ದಾರಿಯಲ್ಲಿ ಅಲ್ಲಲ್ಲಿ ಈ ಗೋಪುರಗಳು. ನೀರು ಗೋಪುರದೊಳಗೆ ಮೇಲೇರಿ ಒತ್ತಡ ಕಳೆದುಕೊಳ್ಳುತ್ತಿತ್ತು, ಹೂಳನ್ನು ತಳದಲ್ಲೇ ಬಿಟ್ಟು ಮುಂದೆ ಸಾಗುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ!

ನಾನು ಕಂಡ ಒಂದು ಗಂಜ್‌ನ ಮೈತುಂಬ ಪೋಸ್ಟರ್. ಇನ್ನೊಂದಕ್ಕೆ ಬಟ್ಟೆ ಒಣಹಾಕುವ ಹಗ್ಗ. ಎದುರು ಮನೆಯ ಹುಡುಗನನ್ನು ಕೇಳಿದರೆ, "ಏನೋ ಹಳೇ ಗ್ವಾಡಿರಿ ಅಜ್ಜಾರ" ಎಂದ. ಇದು ಏನೆಂದೇ ತಿಳಿಯದವರು ಇದನ್ನು ಉಳಿಸಿಕೊಂಡಾರೇ?

ನಿಮ್ಮೂರಲ್ಲೂ ಇಂಥದ್ದಿರುತ್ತದೆ. ರಜೆಯಲ್ಲಿ ದೊಡ್ಡವರ ಜೊತೆ ಹುಡುಕಿ. ಬೆಳಗಿನ ಓರೆ ಬಿಸಿಲಲ್ಲಿ ಕಲ್ಲಿನ ಗೆರೆಗಳು ಚೆನ್ನಾಗಿ ಮೂಡುತ್ತವೆ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ, ಎತ್ತರ ತಿಳಿಯುತ್ತದೆ. ಮನೆಗೆ ಬಂದೊಡನೆ ಓಣಿಯ ಹೆಸರು, ತಾರೀಖು ಬರೆದಿಡಿ. ತಾರೀಖಿಲ್ಲದ ಚೆಕ್ ನಮ್ಮ ಕೌಂಟರಿನಲ್ಲಿ ನಡೆಯುತ್ತಿರಲಿಲ್ಲ, ತಾರೀಖಿಲ್ಲದ ಫೋಟೊವೂ ಅಷ್ಟೇ. ನಾಳೆ ಗೋಡೆ ಬಿದ್ದರೆ, ಅದು ಎಲ್ಲಿತ್ತು, ಹೇಗಿತ್ತು ಎಂದು ಹೇಳಲು ನಿಮ್ಮ ಫೋಟೊವಾದರೂ ಇರುತ್ತದೆ.