ವ್ಯಸನಿಯ ಹಣೆಪಟ್ಟಿ

ಮಾದಕ ವ್ಯಸನಕ್ಕೆ ಸಿಲುಕಿದ ಮಗನನ್ನು ಚಿಕಿತ್ಸೆಗೆ ಕರೆದೊಯ್ದ ಹೆತ್ತವರ ಕೈಗೆ ಕೆಲವೊಮ್ಮೆ ಒಂದು ವರದಿ ಬರುತ್ತದೆ. ನೂರಾರು ಪ್ರಶ್ನೆಗಳಿಗೆ ಆತನಿತ್ತ ಉತ್ತರಗಳನ್ನು ಅಂಕಗಳಾಗಿ ಮಾರ್ಪಡಿಸಿ, ಆತನದು ಇಂಥ ಬಗೆಯ ವ್ಯಕ್ತಿತ್ವವೆಂದು ಅದರಲ್ಲಿ ನಮೂದಿಸಲಾಗಿರುತ್ತದೆ. ಹಾಗಾದರೆ ಇವನ ಸ್ವಭಾವವೇ ಹೀಗೆಯೇ, ಇನ್ನು ಚಿಕಿತ್ಸೆಯಿಂದ ಪ್ರಯೋಜನವುಂಟೇ ಎಂದು ಮನೆಮಂದಿ ಕಳವಳಪಡುವುದು ಸಹಜ. ಇಂಥ ವರ್ಗೀಕರಣವನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ನಾವು ವಿವೇಚಿಸಬೇಕಾಗಿದೆ.

ಈ ಪರೀಕ್ಷೆಗಳಲ್ಲಿ ಪ್ರಸಿದ್ಧವಾದುದು ಎಂ.ಎಂ.ಪಿ.ಐ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಹ್ಯಾಥವೇ ಹಾಗೂ ಮೆಕಿನ್ಲಿ ರಚಿಸಿದ ಇದು 1943ರಲ್ಲಿ ಪ್ರಕಟವಾಯಿತು. 1989ರ ಪರಿಷ್ಕೃತ ಆವೃತ್ತಿಯಲ್ಲಿ 567 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ 'ಸರಿ' ಅಥವಾ 'ತಪ್ಪು' ಎಂದು ಉತ್ತರಿಸಬೇಕು. 1965ರಲ್ಲಿ ಮೆಕ್‌ಆಂಡ್ರೂ ಎಂಬವರು ಇದರಿಂದ 49 ಹೇಳಿಕೆಗಳನ್ನಾಯ್ದು, ಮದ್ಯವ್ಯಸನಿಗಳನ್ನು ಇತರ ಮನೋರೋಗಿಗಳಿಂದ ಬೇರ್ಪಡಿಸುವ ಅಳತೆಗೋಲೊಂದನ್ನು ಸಿದ್ಧಪಡಿಸಿದರು. ಆದರೆ ಅದು ವ್ಯಸನಕ್ಕಿಂತ ಮಿಗಿಲಾಗಿ ದುಡುಕು, ಸಾಹಸಪ್ರಿಯತೆಗಳಂಥ ಸಾಮಾನ್ಯ ಗುಣಗಳನ್ನೇ ಅಳೆಯುತ್ತದೆಂಬ ಅಭಿಪ್ರಾಯ ಕ್ರಮೇಣ ಬಲಗೊಂಡಿತು. ಹೆಚ್ಚು ಅಂಕ ಪಡೆದವರೆಲ್ಲ ವ್ಯಸನಿಗಳಲ್ಲ. ವ್ಯಸನಿಗಳೆಲ್ಲರಿಗೂ ಹೆಚ್ಚು ಅಂಕ ದೊರೆಯುವುದೂ ಇಲ್ಲ.

ಇಲ್ಲಿ ಮೂರು ತೊಡಕುಗಳಿವೆ. ಮೊದಲನೆಯದು, ಪರೀಕ್ಷೆ ನಡೆದ ಕಾಲ. ಅಮಲು ಬಿಟ್ಟ ಮೊದಲ ದಿನಗಳಲ್ಲಿ ನಿದ್ರಾಹೀನತೆ, ಭೀತಿ, ಖಿನ್ನತೆಗಳು ರೋಗಿಯನ್ನು ಹಿಂಡುತ್ತವೆ. ಆಗಿನ ಉತ್ತರಗಳಲ್ಲಿ ಮೂಡುವುದು ಆ ಸಂಕಟದ ಚಿತ್ರ. ಕೆಲವು ವಾರಗಳ ಬಳಿಕ ಪರೀಕ್ಷಿಸಿದರೆ ಎಷ್ಟೋ ಮಂದಿಯ ಚಿತ್ರ ಬದಲಾಗಿರುತ್ತದೆ. ಎರಡನೆಯದು, ಗುಂಪುಗಳ ಅಸ್ಥಿರತೆ. ಸಂಶೋಧಕರು ಆಯ್ದ ರೋಗಿಗಳೂ ಗಣಿತದ ವಿಧಾನವೂ ಬೇರೆಯಾದಂತೆ ಗುಂಪುಗಳೂ ಬೇರೆಯಾಗುತ್ತವೆ. ಯಾವ ಗುಂಪಿಗೂ ಸೇರದವರೂ ಉಳಿಯುತ್ತಾರೆ.

ಮೂರನೆಯದೇ ಮುಖ್ಯವಾದುದು: ಕಾರಣ ಯಾವುದು, ಪರಿಣಾಮ ಯಾವುದು? ಬಾಸ್ಟನ್ ನಗರದ ಬಡ ಬಡಾವಣೆಗಳ ಹುಡುಗರನ್ನೂ ಹಾರ್ವರ್ಡ್ ವಿದ್ಯಾರ್ಥಿಗಳನ್ನೂ ದಶಕಗಳ ಕಾಲ ಅನುಸರಿಸಿದ ಅಧ್ಯಯನಗಳನ್ನು ಆಧರಿಸಿ ಜಾರ್ಜ್ ವೈಲಂಟ್ 1983ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮದ್ಯವ್ಯಸನಕ್ಕೆ ಕಾರಣವೆಂದು ಬಗೆಯಲಾಗಿದ್ದ ಖಿನ್ನತೆ, ಪರಾವಲಂಬನೆಗಳು ಬಹುಮಟ್ಟಿಗೆ ಅದರ ಪರಿಣಾಮಗಳೆಂದು ಅವರು ತೋರಿಸಿಕೊಟ್ಟರು. ವೈದ್ಯಲೋಕವೂ ದೃಷ್ಟಿಯನ್ನು ಬದಲಿಸಿಕೊಂಡಿದೆ. ಅಮೆರಿಕದ ಮನೋವೈದ್ಯರ ಸಂಘದ 1952ರ ಕೈಪಿಡಿ ವ್ಯಸನವನ್ನು ಸಮಾಜವಿರೋಧಿ ವ್ಯಕ್ತಿತ್ವದೋಷಗಳ ಸಾಲಿಗೆ ಸೇರಿಸಿತ್ತು. 1980ರ ಆವೃತ್ತಿ ಅದನ್ನು ಪ್ರತ್ಯೇಕಿಸಿತು. 2013ರ ಆವೃತ್ತಿಯ 11 ಮಾನದಂಡಗಳು ಸೇವನೆಯ ರೀತಿಯನ್ನೂ ಅದರಿಂದಾದ ಹಾನಿಯನ್ನೂ ವಿಚಾರಿಸುತ್ತವೆಯೇ ಹೊರತು ಸ್ವಭಾವವನ್ನಲ್ಲ.

ಹಾಗೆಂದು ಪರೀಕ್ಷೆಗಳು ನಿರರ್ಥಕವಲ್ಲ. ವ್ಯಸನದ ಮರೆಯಲ್ಲಿ ಅಡಗಿರುವ ಖಿನ್ನತೆಯನ್ನು ಗುರುತಿಸಲು ಅವು ವೈದ್ಯರಿಗೆ ನೆರವಾಗಬಲ್ಲವು. ಆದರೆ ಮನುಷ್ಯನ ಸ್ಥಿತಿ ಬೇರೆ, ಮನುಷ್ಯನೇ ಬೇರೆ; ತತ್ತ್ವಶಾಸ್ತ್ರದ ಈ ಪ್ರಾಥಮಿಕ ಪಾಠವನ್ನು ನಾವು ಮರೆಯಲಾಗದು. ಆದುದರಿಂದ ವರದಿ ಕೈಸೇರಿದಾಗ ಕುಟುಂಬದವರು ವೈದ್ಯರಲ್ಲಿ ಕೇಳಬೇಕಾದುದಿಷ್ಟು: ಅಮಲು ಬಿಟ್ಟು ಎಷ್ಟು ದಿನಗಳಾದ ಮೇಲೆ ಈ ಪರೀಕ್ಷೆ ನಡೆಯಿತು? ಮತ್ತೊಮ್ಮೆ ನಡೆಸುವಿರಾ? ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುವುದು? ಉತ್ತರ ದೊರೆಯುವ ತನಕ ಆ ಕಾಗದದ ಮಾತನ್ನು ಮಗನ ಹಣೆಬರಹವೆಂದು ಬಗೆಯದಿರೋಣ.