ಕಾರ್ಖಾನೆಯ ಊರಿನಲ್ಲಿ ರಾಗಿ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಎರಡು ಹಳ್ಳಿಗಳಿವೆ. 1978ರಲ್ಲಿ ಈ ಹಳ್ಳಿಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಸ್ತಿಭಾರ ಬಿದ್ದಿತು. ಸರ್ಕಾರಿ ಸಂಸ್ಥೆಯಾದ ಕಿಯೋನಿಕ್ಸ್ ಮತ್ತು ಅದನ್ನು ಮುನ್ನಡೆಸಿದ ಆರ್. ಕೆ. ಬಾಳಿಗರ ದೂರದೃಷ್ಟಿಯ ಫಲವದು. ನಗರದ ವಾಯವ್ಯಕ್ಕಿರುವ ಪೀಣ್ಯದಲ್ಲಿ ಅದೇ ದಶಕದಲ್ಲಿ ಸಾಲುಸಾಲಾಗಿ ಸಣ್ಣ ಕಾರ್ಖಾನೆಗಳು ಎದ್ದವು. 1882ರಲ್ಲಿ ಆಂಗ್ಲೋ-ಇಂಡಿಯನ್ನರ ಒಕ್ಕಲು ಊರಾಗಿ ಹುಟ್ಟಿದ ವೈಟ್‌ಫೀಲ್ಡ್, ಒಂದು ಶತಮಾನ ಕಳೆದ ಮೇಲೆ ಗಣಕಯಂತ್ರದ ಊರಾಗಿ ಹೊಸ ಜನ್ಮವನ್ನು ಪಡೆಯಿತು.

ಈ ಮೂರೂ ದಿಕ್ಕಿನ ನೆಲ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಕೆಮ್ಮಣ್ಣಿನ ಬೆದ್ದಲು. ಅದರ ಮುಖ್ಯ ಬೆಳೆ ರಾಗಿ. ರಾಗಿ ಎಂದೂ ಒಂಟಿಯಾಗಿ ಬೆಳೆದ ಪೈರಲ್ಲ. ಹತ್ತಾರು ಸಾಲು ರಾಗಿಯ ನಡುವೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ. ಹೊಲದ ಅಂಚಿನಲ್ಲಿ ಹರಳು. ರಾಗಿಯ ಮುದ್ದೆಗೆ ಬೇಕಾದ ಸಾರಿನ ಕಾಳು, ಒಗ್ಗರಣೆಯ ಎಣ್ಣೆ, ದನಕ್ಕೆ ಬೇಕಾದ ಹುಲ್ಲು ಎಲ್ಲವೂ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದವು. ದ್ವಿದಳ ಸಸ್ಯಗಳ ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುತ್ತದೆಂಬ ವಿಜ್ಞಾನ ಆ ರೈತನಿಗೆ ಗೊತ್ತಿರಲಿಲ್ಲ. ಆದರೆ ಅವರೆಯ ಸಾಲಿದ್ದ ಹೊಲ ಮರುವರ್ಷ ಸೊರಗುವುದಿಲ್ಲವೆಂಬುದು ಗೊತ್ತಿತ್ತು.

ಹೊಲ ಹೋಗಿ ಕಾರ್ಖಾನೆ ಬಂದದ್ದಕ್ಕೆ ಮರುಗುತ್ತ ಕೂರುವುದು ಅರ್ಥವಿಲ್ಲದ ಮಾತು. ಲಕ್ಷಾಂತರ ಮಂದಿಗೆ ಆ ಕಾರ್ಖಾನೆಗಳು ಅನ್ನ ಕೊಟ್ಟಿವೆ. ಚಿಂತಿಸಬೇಕಾದುದು ಬೇರೊಂದು ಸಂಗತಿಯನ್ನು. ರಾಗಿ ಇಂದಿಗೂ ದೂರ ಹೋಗಿಲ್ಲ. ಹೊಸಕೋಟೆ, ಆನೇಕಲ್, ಮಾಗಡಿ, ದೊಡ್ಡಬಳ್ಳಾಪುರಗಳಲ್ಲಿ, ತುಮಕೂರಿನಲ್ಲಿ ಬೆಳೆಯುತ್ತಲೇ ಇದೆ. ಭಾರತದ ರಾಗಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಕರ್ನಾಟಕದ್ದೇ. ಹಾಗಿದ್ದೂ ಕಾರ್ಖಾನೆಯ ಊರಿನ ತಟ್ಟೆಯಿಂದ ಅದು ಮರೆಯಾಗುತ್ತ ಬಂದಿತೇಕೆ?

ರುಚಿ ಬದಲಾಯಿತು ಎಂದು ಹಲವರು ಉತ್ತರಿಸುತ್ತಾರೆ. ಇದು ಪೂರ್ಣ ಸತ್ಯವಲ್ಲ. ರಾಗಿಯ ಬಗೆಗೆ ತಾತ್ಸಾರವಂತೂ ಹಳೆಯದು. ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಶ್ರೀರಾಮನ ಸಭೆಯಲ್ಲೇ ಜಗಳ ಹೂಡಿಸಿದರು. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಭತ್ತ ಸೊರಗಿತು, ರಾಗಿ ಗಟ್ಟಿಯಾಗಿ ಉಳಿಯಿತು. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ನಿಲ್ಲುವುದನ್ನು ಕಂಡವರಿಗೆ ಆ ಕಥೆಯ ತೀರ್ಪು ಸೋಜಿಗವೆನಿಸದು. ಕಾವ್ಯದಲ್ಲಿ ರಾಗಿ ಗೆದ್ದರೂ ಲೋಕದಲ್ಲಿ ಅಕ್ಕಿಯ ಅನ್ನವೇ ಸಿರಿವಂತಿಕೆಯ ಗುರುತಾಗಿ ಉಳಿಯಿತು. ಹಸಿರು ಕ್ರಾಂತಿಯ ಮೇಲೆ ಅಕ್ಕಿ ಗೋಧಿಗಳು ಪಡಿತರದ ಅಂಗಡಿಗೆ ಧಾರಾಳವಾಗಿ ಬಂದವು. ಬಡವನ ಹಸಿವನ್ನು ಕಳೆದ ಆ ಅಕ್ಕಿಯನ್ನು ಹಳಿಯುವುದು ಕೃತಘ್ನತೆಯಾದೀತು.

ಆದರೆ ತಾತ್ಸಾರಕ್ಕಿಂತ ದೊಡ್ಡ ಕಾರಣ ದುಡಿಮೆಯ ಗಡಿಯಾರ. ಮುದ್ದೆಯ ಅಡುಗೆಯನ್ನು ನೋಡಬೇಕು. ಎಸರು ಮರಳಬೇಕು. ಹಿಟ್ಟನ್ನು ಸುರಿದು ಹದವಾಗಿ ಬೇಯಲು ಬಿಡಬೇಕು. ಬಳಿಕ ಪಾತ್ರೆಯನ್ನು ಅಲುಗದಂತೆ ಹಿಡಿದು, ಗಂಟಾಗದಂತೆ ಕೋಲಿನಿಂದ ತೊಳಸಬೇಕು. ಇದಕ್ಕೆ ತೋಳಿನಲ್ಲಿ ಬಲ ಬೇಕು. ಕೈಯನ್ನು ನೀರಿನಲ್ಲಿ ಅದ್ದಿಕೊಂಡು ಸುಡುವ ಹಿಟ್ಟನ್ನು ಉಂಡೆ ಕಟ್ಟಬೇಕು. ಸೊಪ್ಪು ಬಸಿದು, ಖಾರ ಅರೆದು ಬಸ್ಸಾರು ಮಾಡಬೇಕು. ಇಷ್ಟಾದ ಮೇಲೂ ಅದನ್ನು ಬಿಸಿಬಿಸಿಯಾಗಿಯೇ ಉಣ್ಣಬೇಕು. ಆರಿದ ಮುದ್ದೆಯನ್ನು ಬುತ್ತಿ ಕಟ್ಟಿಕೊಂಡು ಹೋಗುವಂತಿಲ್ಲ. ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಳಗಿನ ಹೊತ್ತಿಗೇ ಹಾಜರಾಗಬೇಕಾದ ತಾಯಿ, ಅಕ್ಕಿಯನ್ನು ತೊಳೆದು ಕುಕ್ಕರಿಗೆ ಹಾಕಿ, ಅದು ಕೂಗುವಷ್ಟರಲ್ಲಿ ಮಕ್ಕಳ ತಲೆ ಬಾಚಿ ಮುಗಿಸುತ್ತಾಳೆ. ಅವಳು ರಾಗಿಯನ್ನು ಬಿಟ್ಟದ್ದು ನಾಲಗೆಯ ಚಾಪಲ್ಯದಿಂದಲ್ಲ. ಅಡುಗೆಮನೆಯ ಈ ಶ್ರಮವನ್ನು ಲೆಕ್ಕಕ್ಕೆ ಹಿಡಿಯದೆ ‘ಹಳೆಯ ಆಹಾರಕ್ಕೆ ಮರಳಿರಿ’ ಎಂದು ಬೋಧಿಸುವವರು, ಸಾಮಾನ್ಯವಾಗಿ ಹಿಟ್ಟು ತೊಳಸುವ ಕೋಲನ್ನು ಹಿಡಿದವರಲ್ಲ.

ಹೀಗೆ ತಟ್ಟೆ ಬದಲಾದುದರ ಬೆಲೆ ಸಣ್ಣದಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂನ ಆಸುಪಾಸು. ರಾಗಿಯ ಕಾಳು ಬಹಳ ಸಣ್ಣದಾದ್ದರಿಂದ ಅದನ್ನು ತೌಡಿನ ಸಮೇತ ಬೀಸುತ್ತಾರೆ. ನಾರಿನಂಶ ಹಿಟ್ಟಿನಲ್ಲೇ ಉಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವವರ ಊರುಗಳಿಗೆ ಇದು ದೂರದ ಸುದ್ದಿಯಲ್ಲ. ಅದರ ಜೊತೆಗೇ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದು 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿತು.

ಹಾಗೆಂದು ರಾಗಿಯನ್ನು ಸಂಜೀವಿನಿಯೆಂದು ಸಾರುವುದೂ ತಪ್ಪು. ರಾಗಿಯಲ್ಲಿಯೂ ಪಿಷ್ಟವೇ ಅಧಿಕ. ಮಿತಿಮೀರಿ ಉಂಡರೆ ಅದೂ ಸಕ್ಕರೆಯೇ ಆಗುತ್ತದೆ. ಅದರಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತದೆ. ಈ ತೊಡಕಿಗೆ ಹಳ್ಳಿಯ ತಾಯಂದಿರು ಪ್ರಯೋಗಶಾಲೆಯಿಲ್ಲದೆಯೇ ಪರಿಹಾರ ಕಂಡಿದ್ದರು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಕೂಸಿಗೆ ಸರಿ ಕಾಯಿಸುತ್ತಿದ್ದರು. ಮೊಳೆಯುವಾಗ ಫೈಟೇಟ್ ಕಡಿಮೆಯಾಗುತ್ತದೆಂದು ಇಂದಿನ ವಿಜ್ಞಾನವೂ ಒಪ್ಪುತ್ತದೆ.

ದೇಹದ ಮಾತಿನಂತೆಯೇ ಹವೆಯ ಮಾತೂ ಇಲ್ಲಿದೆ. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ ಗಾಳಿಯಾಡದು. ಅಲ್ಲಿ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಉತ್ಪಾದಿಸುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 27 ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡಬಲ್ಲದು. ಬೆದ್ದಲಿನ ರಾಗಿಗೆ ಈ ದೋಷವಿಲ್ಲ. ಅದು ಸಿ-4 ಎಂಬ ಬಗೆಯ ದ್ಯುತಿಸಂಶ್ಲೇಷಣೆ ನಡೆಸುವ ಸಸ್ಯ. ಬಿಸಿಲನ್ನು ಸಹಿಸುತ್ತದೆ, ಕಡಿಮೆ ನೀರಿನಲ್ಲಿ ಕಾಳು ಕಟ್ಟುತ್ತದೆ. ಬೆಂಗಳೂರಿಗೆ ನೀರಿನ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರುಗಳಷ್ಟು ಎತ್ತರಕ್ಕೆ ಪಂಪು ಮಾಡಿ ಈ ನಗರಕ್ಕೆ ತರಬೇಕು. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ ವೈಟ್‌ಫೀಲ್ಡಿನ ಗಗನಚುಂಬಿ ಮನೆಗಳವರೂ ಟ್ಯಾಂಕರಿಗಾಗಿ ಕಾದರು. ಗದ್ದೆಗೂ ನಲ್ಲಿಗೂ ಒಂದೇ ನದಿಯಾದಾಗ, ಊಟದಲ್ಲಿ ಒಂದು ಹೊತ್ತು ಧಾನ್ಯ ಬದಲಾಗುವುದು ಬರಿಯ ಅಡುಗೆಮನೆಯ ವಿಷಯವಾಗಿ ಉಳಿಯುವುದಿಲ್ಲ.

ಹೊಸ ಶೋಧನೆ ಎಂದೊಡನೆ ಯಂತ್ರವನ್ನೇ ನೆನೆಯುವವರು ರಾಗಿಯ ಚರಿತ್ರೆಯನ್ನು ಓದಬೇಕು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ ಕೃಷಿ ಇಲಾಖೆಯನ್ನು ಕಟ್ಟಿದ ಕಾಲದಲ್ಲೇ ಹೆಬ್ಬಾಳದ ಕ್ಷೇತ್ರದಿಂದ ಎಚ್-22 ಎಂಬ ರಾಗಿ ತಳಿ ಹೊರಬಂದಿತು. ಅನಂತರದ ದೊಡ್ಡ ಹೆಸರು ಲಕ್ಷ್ಮಣಯ್ಯನವರದು. ರಾಗಿಯ ಹೂ ಸಾಸಿವೆಗಿಂತ ಸಣ್ಣದು; ಇರುಳಿನ ಕೊನೆಯ ಜಾವದಲ್ಲಿ ಅರಳಿ, ಬಹುಪಾಲು ತನ್ನ ಪರಾಗದಿಂದಲೇ ಫಲ ಕಟ್ಟುತ್ತದೆ. ಆದ್ದರಿಂದ ಎರಡು ತಳಿಗಳನ್ನು ಕೂಡಿಸುವ ಕೆಲಸ ಕಣ್ಣಿಗೂ ತಾಳ್ಮೆಗೂ ಕಠಿಣ ಪರೀಕ್ಷೆ. ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರು ಆ ಕೆಲಸಕ್ಕೆ ಬಾಳನ್ನೇ ಸವೆಸಿದರು. ದಪ್ಪ ತೆನೆಯ ಆಫ್ರಿಕದ ರಾಗಿಯನ್ನು ಇಲ್ಲಿನ ರಾಗಿಯೊಡನೆ ಸಂಕರಿಸಿ ‘ಇಂಡಾಫ್’ ತಳಿಗಳನ್ನು ಪಡೆದರು. ಇಂಡಿಯಾ, ಆಫ್ರಿಕ ಎಂಬ ಎರಡು ಹೆಸರುಗಳ ಸಂಕರವೂ ಅದರಲ್ಲಿದೆ. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ವಿಶ್ವವಿದ್ಯಾಲಯಗಳು ಕೊಡುವ ಯಾವ ಪದವಿಗೂ ಇದು ಕಡಿಮೆಯಲ್ಲ. ಬೆಂಕಿ ರೋಗವನ್ನು ತಡೆಯಬಲ್ಲ ಜಿಪಿಯು-28 ತಳಿಯನ್ನು ಬೆಂಗಳೂರಿನ ಜಿ.ಕೆ.ವಿ.ಕೆ. 1990ರ ದಶಕದಲ್ಲಿ ನೀಡಿತು.

ಹೊಲದಲ್ಲಿ ಇಷ್ಟು ನಡೆಯಿತು. ಅಡುಗೆಮನೆಯ ಕಡೆಗೆ ವಿಜ್ಞಾನ ತಡವಾಗಿ ತಿರುಗಿತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಎನ್. ಜಿ. ಮಲ್ಲೇಶಿಯವರು ರಾಗಿಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಗಟ್ಟಿಮಾಡಿ, ಬಳಿಕ ಸಿಪ್ಪೆ ತೆಗೆಯುವ ವಿಧಾನವನ್ನು ರೂಪಿಸಿದರು. ಹಿಟ್ಟಾಗಿಯೇ ಬಳಕೆಯಲ್ಲಿದ್ದ ರಾಗಿಯನ್ನು ಅದರಿಂದ ಅಕ್ಕಿಯಂತೆ ಕಾಳಾಗಿ ಬೇಯಿಸಬಹುದಾಯಿತು. ಆದರೆ ಸಿಪ್ಪೆಯೊಡನೆ ನಾರು, ಖನಿಜಗಳ ಒಂದು ಪಾಲೂ ಹೋಗುತ್ತದೆಂಬುದನ್ನು ಮರೆಯಬಾರದು. ಸೌಕರ್ಯಕ್ಕೆ ಎಷ್ಟು ಪೋಷಣೆಯನ್ನು ತೆತ್ತೇವೆಂಬ ಲೆಕ್ಕವನ್ನು ಪ್ರತಿ ಹೊಸ ವಿಧಾನಕ್ಕೂ ಹಾಕಬೇಕು.

ತಿಂಡಿಯ ರೂಪ ಬದಲಾಯಿಸುವ ಜಾಣ್ಮೆ ಬೆಂಗಳೂರಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ಎಂ.ಟಿ.ಆರ್. ಹೋಟೆಲಿನಲ್ಲಿ ಗೋಧಿ ರವೆಯಿಂದ ಇಡ್ಲಿ ಮಾಡತೊಡಗಿದರೆಂದೂ, ರವೆ ಇಡ್ಲಿ ಹುಟ್ಟಿದ್ದು ಹಾಗೆಂದೂ ಹೇಳುತ್ತಾರೆ. ಕೊರತೆಯ ಕಾಲದ ಆ ತಿಂಡಿಯನ್ನು ಈಗ ಜನ ಬಯಸಿ ತಿನ್ನುತ್ತಾರೆ.

ಆದರೆ ಹೊಸದೆಲ್ಲವೂ ಪ್ರೋತ್ಸಾಹಕ್ಕೆ ಅರ್ಹವಲ್ಲ. ಭಾರತದ ಸೂಚನೆಯಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಬಣ್ಣದ ಪೊಟ್ಟಣಗಳು ಅಂಗಡಿಯ ತುಂಬ ಬಂದಿವೆ. ಪೊಟ್ಟಣದ ಮುಂಭಾಗದಲ್ಲಿ ರಾಗಿಯ ತೆನೆ. ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ. ಬಡವನ ಧಾನ್ಯವನ್ನು ಉಳ್ಳವರ ಕುರುಕುತಿಂಡಿಯಾಗಿಸಿ ಹತ್ತು ಪಟ್ಟು ಬೆಲೆಗೆ ಮಾರುವುದು ವ್ಯಾಪಾರವಿರಬಹುದು, ಆದರೆ ಅದರಿಂದ ಪೀಣ್ಯದ ಕೂಲಿಗಾರನ ತಟ್ಟೆಯಾಗಲಿ ಬೆಳೆದವನ ಕೈಯಾಗಲಿ ತುಂಬುವುದಿಲ್ಲ.

ಪ್ರೋತ್ಸಾಹಿಸಬೇಕಾದುದು ಬಹುಜನರ ಊಟದ ಮನೆಗಳಲ್ಲಿ ನಡೆಯುವ ಪ್ರಯೋಗವನ್ನು. ಬೆಂಗಳೂರಿನ ಹೊರವಲಯದ ನಾಲ್ಕು ಶಾಲೆಗಳಲ್ಲಿ ಸುಮಾರು 1500 ಮಕ್ಕಳನ್ನು ಒಳಗೊಂಡ ಅಧ್ಯಯನವೊಂದು ನಡೆದು 2019ರಲ್ಲಿ ಪ್ರಕಟವಾಯಿತು. ಇಕ್ರಿಸಾಟ್ ಸಂಸ್ಥೆಯ ವಿಜ್ಞಾನಿಗಳು ಅಕ್ಷಯ ಪಾತ್ರ ಪ್ರತಿಷ್ಠಾನದ ಸಹಕಾರದಿಂದ ಮೂರು ತಿಂಗಳ ಕಾಲ ಮಧ್ಯಾಹ್ನದ ಊಟದಲ್ಲಿ ಅಕ್ಕಿಯ ಬದಲು ಕಿರುಧಾನ್ಯಗಳನ್ನು ಬಡಿಸಿದರು. ಬಡಿಸಿದ್ದು ಮುದ್ದೆಯನ್ನಲ್ಲ, ರಾಗಿ ಇಡ್ಲಿ, ಸಾಮೆಯ ಬಿಸಿಬೇಳೆಭಾತ್, ಉಪ್ಪಿಟ್ಟುಗಳನ್ನು. ಎಂದಿನ ಊಟ ಮಾಡಿದವರಿಗಿಂತ ಇವರ ಎತ್ತರದ ಬೆಳವಣಿಗೆ ಹೆಚ್ಚಾಗಿ ಕಂಡಿತು. ಮೂರು ತಿಂಗಳು ಅಲ್ಪಕಾಲ. ಅಷ್ಟರಿಂದಲೇ ಎಲ್ಲವೂ ಸಿದ್ಧವಾಯಿತೆನ್ನಲಾಗದು. ಆದರೆ ಮಕ್ಕಳು ಆ ಊಟವನ್ನು ಮೆಚ್ಚಿ ಉಂಡರೆಂಬುದು ಸಣ್ಣ ಫಲಿತಾಂಶವಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ವಾರಕ್ಕೆ 3 ದಿನ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮ ಆರಂಭವಾಯಿತು. ಈ ಪಾಠವನ್ನು ಓದುವ ಮಕ್ಕಳಲ್ಲಿ ಅನೇಕರು ಅದನ್ನು ಕುಡಿದವರೇ ಇದ್ದಾರು.

ಶಾಲೆಯಲ್ಲಿ ಸಾಧ್ಯವಾದುದು ಕಾರ್ಖಾನೆಯಲ್ಲಿ ಏಕಾಗಬಾರದು? ದೊಡ್ಡ ಕಾರ್ಖಾನೆಗಳಲ್ಲಿ ಕ್ಯಾಂಟೀನು ಇರಬೇಕೆಂಬುದು 1948ರ ಕಾಯಿದೆಯ ಕಾಲದಿಂದಲೂ ಬಂದ ಕಟ್ಟಳೆ. ಒಂದೇ ಒಲೆಯ ಮೇಲೆ ಸಾವಿರ ಮಂದಿಗೆ ಬೇಯುವಲ್ಲಿ ಮುದ್ದೆ ತೊಳಸುವ ಕೆಲಸವನ್ನು ಯಂತ್ರ ಮಾಡಬಲ್ಲದು; ಒಬ್ಬ ತಾಯಿಯ ತೋಳು ನೋಯಬೇಕಾಗಿಲ್ಲ. ಪೀಣ್ಯದ ಸಣ್ಣ ಘಟಕಗಳಲ್ಲಿ ಕ್ಯಾಂಟೀನಿಲ್ಲ. ಅಲ್ಲಿನವರು ಉಣ್ಣುವುದು ತಳ್ಳುಗಾಡಿಯ ಮುಂದೆ ನಿಂತು. ಆದ್ದರಿಂದ ಆ ಗಾಡಿಯವರನ್ನೂ ಯೋಜನೆಯೊಳಗೆ ತರಬೇಕು. ಉತ್ತರದಿಂದ ದುಡಿಯಲು ಬಂದವರಿಗೆ ಮುದ್ದೆ ಒಗ್ಗದೆಂಬ ಆಕ್ಷೇಪವುಂಟು. ಆದರೆ ಒಡಿಶಾದವನಿಗೆ ಅದೇ ಧಾನ್ಯ ‘ಮಾಂಡಿಯಾ’, ಉತ್ತರಾಖಂಡದವನಿಗೆ ‘ಮಂಡುವಾ’. ರೊಟ್ಟಿಯಾಗಿ ಬಂದರೆ ಅವನೂ ಊರ ನೆಂಟನನ್ನು ಕಂಡಂತೆ ಗುರುತು ಹಿಡಿದಾನು.

ಬೆಳೆಯುವವನಿಗೆ ಗಿಟ್ಟದಿದ್ದರೆ ಈ ಮಾತೆಲ್ಲ ಗಾಳಿಗೆ ಹೋಗುತ್ತದೆ. 2013-14ರಲ್ಲಿ ಕ್ವಿಂಟಲಿಗೆ 1,500 ರೂಪಾಯಿ ಇದ್ದ ರಾಗಿಯ ಬೆಂಬಲ ಬೆಲೆ 2025-26ರಲ್ಲಿ 4,886 ರೂಪಾಯಿ ಆಯಿತು. ಬೆಲೆ ಏರಿದರೂ ಕೊಯ್ಲಿಗೆ ಆಳು ಸಿಗುವುದಿಲ್ಲ, ಆಳಾಗಬೇಕಾದವರು ಕಾರ್ಖಾನೆಗೆ ಹೋಗಿದ್ದಾರೆ. ಕಣ ಮಾಡಿ ರೋಣಗಲ್ಲು ಎಳೆಸಲು ಎತ್ತುಗಳೂ ವಿರಳ. ಸುಗ್ಗಿ ಬಂದಾಗ ಹಳ್ಳಿಯ ಡಾಂಬರು ರಸ್ತೆಯ ಮೇಲೆಯೇ ತೆನೆ ಹರಡಿ, ಹೋಗಿಬರುವ ವಾಹನಗಳ ಚಕ್ರಗಳಿಂದ ಒಕ್ಕಿಸುತ್ತಾರೆ. ಹುಲ್ಲಿನ ಮೇಲೆ ಬೈಕು ಜಾರುತ್ತದೆ; ಸವಾರರು ಬೀಳುತ್ತಾರೆ; ಕಾಳಿಗೆ ಮಣ್ಣು, ಎಣ್ಣೆಯ ಜಿಡ್ಡು ಸೇರುತ್ತದೆ. ಅದನ್ನು ತಡೆಯಲು ಅಧಿಕಾರಿಗಳು ಎಚ್ಚರಿಕೆ ನೀಡುವುದೂ ಉಂಟು. ಒಕ್ಕಣೆಯ ಯಂತ್ರಗಳಿಲ್ಲವೆಂದಲ್ಲ, ಒಂದೆರಡು ಎಕರೆಯವನಿಗೆ ಬೇಕಾದ ದಿನ, ಅವನ ಕೈಗೆಟಕುವ ಬಾಡಿಗೆಗೆ ಅವು ಸಿಗಬೇಕು. ಆ ರಸ್ತೆಯಿಂದ ಒಂದೆರಡು ಗಂಟೆಯ ದಾರಿಯಲ್ಲಿ, ಪೀಣ್ಯದ ಲೇತುಗಳ ಮೇಲೆ, ಕೂದಲೆಳೆಯಷ್ಟೂ ತಪ್ಪದ ಬಿಡಿಭಾಗಗಳು ದೇಶವಿದೇಶಗಳ ಯಂತ್ರಗಳಿಗಾಗಿ ಪ್ರತಿದಿನವೂ ತಯಾರಾಗುತ್ತಿವೆ.